ಪದ ಬೇಕು: ಗೂಗಿ ‘ಗಡಿಪಾರು’ ಆದವರೇ?

ಪ್ರಶ್ನೆ (ಬೆಳಗಾವಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ವಾಚನಾಲಯದಲ್ಲಿ ಕೀನ್ಯಾದ ಗೂಗಿ ವಾ ಥಿಯಾಂಗೊ ಅವರ ಫೋಟೊ ಹಾಕುತ್ತಿದ್ದೇವೆ. ಕೆಳಗೆ ಒಂದೇ ಸಾಲಿನ ಬೋರ್ಡು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ‘22 ವರ್ಷ ಗಡಿಪಾರಾಗಿದ್ದ ಲೇಖಕ’ ಎಂದು ಸೀಮೆಸುಣ್ಣದಲ್ಲಿ ಬರೆದು ನೋಡಿದೆ. ಓದಲು ಬಂದ ಹುಡುಗನೊಬ್ಬ ‘ಏನ್ ಮಾಡಿದ್ರಂತ್ರೀ, ಹೊಡೆದಾಟಾನಾ?’ ಅಂದ. ಅವನದೇನು ತಪ್ಪು? ಪೇಪರಿನಲ್ಲಿ ಗಡಿಪಾರಾಗುವವರು ಜಾಸ್ತಿ ರೌಡಿಗಳೇ ಅಲ್ವಾ? ‘ದೇಶಭ್ರಷ್ಟ’ ಇನ್ನೂ ಕಷ್ಟ. ಭ್ರಷ್ಟ ಅಂದರೆ ಈಗ ಲಂಚವೇ ನೆನಪಾಗುತ್ತದೆ. ಬೇರೆ ಪದ ಹೇಳಿ, ದಯವಿಟ್ಟು.

ಉತ್ತರ (ವಿಜಯಪುರದಿಂದ)

‘ನಾಡುದೂಡಿಕೆ’. ದೇಶ, ಭ್ರಷ್ಟ, ಪಾರು ಮೂರೂ ಸಂಸ್ಕೃತದ ಸಾಲ. ಇಂಗ್ಲಿಷ್ ಬಿಟ್ಟು ತಾಯ್ನುಡಿ ಗಿಕುಯುವಿನಲ್ಲಿ ಕಾದಂಬರಿ ಬರೆದವರು ಅವರು. ಅವರ ಬೋರ್ಡಿಗೆ ಸಾಲದ ಪದ ಬೇಡವೇ ಬೇಡ. ಇದರಲ್ಲಿ ಚರ್ಚಿಸಲು ಏನೂ ಇಲ್ಲ.

ಉತ್ತರ (ಬಾಗಲಕೋಟೆಯಿಂದ)

ಇದೆ ಸರ್. ದೂಡಿದವರು ಯಾರು? ಹಳ್ಳಿಯವರ ಜೊತೆ ಗಿಕುಯು ನಾಟಕ ಆಡಿಸಿದ್ದಕ್ಕೆ 1977ರ ಕೊನೆಗೆ ಅವರನ್ನು ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದರು. ಅಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಕಾದಂಬರಿ ಬರೆದರು. ಸುಮಾರು ಒಂದು ವರ್ಷಕ್ಕೆ ಬಿಡುಗಡೆ ಆಯಿತು. 1982ರಲ್ಲಿ ಲಂಡನ್ನಿಗೆ ಹೋಗಿದ್ದಾಗ, ಮರಳಿದರೆ ಮತ್ತೆ ಹಿಡಿಯುತ್ತಾರೆ ಎಂಬ ಸುದ್ದಿ ಬಂತು. ಅಲ್ಲೇ ಉಳಿದು ಕೀನ್ಯಾದ ರಾಜಕೀಯ ಕೈದಿಗಳ ಬಿಡುಗಡೆಗೆ ದುಡಿದರು. ಮತ್ತೆ ತಾಯ್ನಾಡು ಕಂಡದ್ದು 2004ರಲ್ಲಿ. ಅವರನ್ನು ಯಾರೂ ಗಡಿ ದಾಟಿಸಲಿಲ್ಲ. ತಾವಾಗಿ ದಾಟಿದ ಗಡಿಯನ್ನು ತಿರುಗಿ ದಾಟುವ ಹಾಗಿರಲಿಲ್ಲ. ಗಡಿಪಾರೂ ತಪ್ಪು, ದೂಡಿಕೆಯೂ ತಪ್ಪು.

ಇನ್ನು ಸಾಲದ ಮಾತು. ಜೈಲಿನಲ್ಲಿ ಬರೆದ ಆ ಕಾದಂಬರಿಯ ಹೆಸರಿನ ಮೊದಲ ಪದವೇ ‘ಶೈತಾನಿ’. ಅರಬ್ಬಿ ಮೂಲದ್ದು, ನಮ್ಮ ಸೈತಾನನ ಒಡಹುಟ್ಟು. ಅಷ್ಟು ಹಟದಿಂದ ತಾಯ್ನುಡಿಗೆ ಮರಳಿದವರೇ ಜನರ ಬಾಯಲ್ಲಿದ್ದ ಸಾಲದ ಪದವನ್ನು ಹೊರಗೆ ಹಾಕಲಿಲ್ಲ. ನಾವು ಯಾಕೆ ಹಾಕಬೇಕು?

ಅಕ್ಕಾರೇ, ಇಲ್ಲಿ ನಾಮಪದದ ಹಿಂದೆ ಸುಮ್ನೆ ಓಡಬೇಡಿ. ‘22 ವರ್ಷ ತಾಯ್ನಾಡಿಗೆ ಮರಳಲಾಗದ ಲೇಖಕ’ ಎಂದು ಬರೆಸಿ. ಆ ಹುಡುಗ ಈ ಸಲ ‘ಯಾಕೆ ಮರಳಲಾಗಲಿಲ್ಲ?’ ಎಂದು ಕೇಳಬೇಕು.

ಉತ್ತರ (ವಿಜಯಪುರದಿಂದ)

‘ಮರಳಲಾಗದ’ ಸರಿ, ಒಪ್ಪಿದೆ. ‘ದೂಡಿಕೆ’ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ‘ಲೇಖಕ’ ಒಪ್ಪುವುದಿಲ್ಲ. ‘ಬರಹಗಾರ’ ಎಂದಿರಲಿ.