11 ವರ್ಷದ ಮೇಲೆ ದಾವಣಗೆರೆಗೆ ಬರ್ತಿದ್ದೇನೆ, ಕೈಯಲ್ಲಿರೋದು ಎರಡೇ ದಿನ. ಏನು ತಿನ್ನಲಿ, ಎಲ್ಲಿ ಓಡಾಡಲಿ?

ಪಿಬಿರೋಡ್_ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆ ಹಳೇ ಊರಿನಲ್ಲಿ, ಹಗೇದಿಬ್ಬ ಸರ್ಕಲ್ ಹತ್ತಿರದ ಒಂದು ಓಣಿ. ಈಗ ಪುಣೆಯಲ್ಲಿದ್ದೇನೆ. ನಮ್ಮೂರಿನ ಪಿ.ಬಿ. ರೋಡ್ ಅಂದರೆ ಪೂನಾ-ಬೆಂಗಳೂರು ರೋಡ್ ಅಂತ ಚಿಕ್ಕವನಿದ್ದಾಗ ಗೊತ್ತೇ ಇರಲಿಲ್ಲ. ದಿನಾ ಸೈಕಲ್ ಹೊಡೆದ ರಸ್ತೆಯ ಆ ತುದಿಯಲ್ಲೇ ಬಂದು ಸಂಸಾರ ಹೂಡಿದ್ದೇನೆ ನೋಡಿ.

ಅಪ್ಪ ಅಮ್ಮ ತಮ್ಮನ ಜೊತೆ ಬೆಂಗಳೂರಿಗೆ ಹೋದರು, ಮನೆ ಮಾರಿದೆವು. ಆಮೇಲೆ ಊರಿಗೆ ಹೋಗೋಕೆ ನೆಪವೇ ಸಿಗಲಿಲ್ಲ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಎಷ್ಟೋ ಸಲ ಬೈಪಾಸ್‌ನಲ್ಲಿ ದಾವಣಗೆರೆ ದಾಟಿದ್ದೇನೆ. ಒಂದು ಸಲ ಎಚ್ಚರ ಇತ್ತು, ದೂರದಲ್ಲಿ ದೀಪ ಕಂಡಿತು, ಅಷ್ಟೇ.

ಈಗ ನೆಂಟರೊಬ್ಬರ ಮದುವೆ ಇದೆ. ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಹೊರಡುವುದು. 9 ವರ್ಷದ ಮಗಳು ಜೊತೆಗಿರುತ್ತಾಳೆ, ಮೊದಲ ಸಲ ನೋಡುತ್ತಾಳೆ. ಅವಳಿಗೆ ದಾವಣಗೆರೆ ಅಂದರೆ ಇಲ್ಲಿ ಬೋರ್ಡ್ ಮೇಲೆ ಬರೆದಿರುವ ಒಂದು ದೋಸೆಯ ಹೆಸರು. ಆ ದೋಸೆ ತಿಂದು "ಅಪ್ಪ, ಇದಕ್ಕಾ ನೀನು ಅಷ್ಟೊಂದು ಹೇಳ್ತಿದ್ದೆ?" ಅಂದಳು. ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಅದು ಸೆಟ್ ದೋಸೆ ಮೇಲೆ ಅಮುಲ್ ಬೆಣ್ಣೆಯ ತುಂಡು ಇಟ್ಟ ಹಾಗಿತ್ತು.

ನನ್ನ ಪ್ರಶ್ನೆ ಇಷ್ಟು. ಬೆಳಿಗ್ಗೆ ದೋಸೆ ಎಲ್ಲಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ ಎಲ್ಲಿ? ಆಮೇಲೆ, ಮಗಳನ್ನು ಕರೆದುಕೊಂಡು ನಡೆಯೋಕೆ ಆ ಹಳೇ ರಸ್ತೆಗಳು ನಡೆಯೋ ಹಾಗೆ ಉಳಿದಿವೆಯಾ? ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರೋಡ್? ಅಶೋಕ ಟಾಕೀಸ್ ರೈಲ್ವೆ ಗೇಟ್ ಕಥೆ ಏನು? ಆ ಗೇಟ್ ಬಿದ್ದು ಗೂಡ್ಸ್ ಗಾಡಿ ಬಂತು ಅಂದರೆ ನನ್ನ ಟ್ಯೂಷನ್ ಅರ್ಧ ಗಂಟೆ ಲೇಟ್, ಆ ಅರ್ಧ ಗಂಟೆಯಲ್ಲಿ ಒಂದು ಪೊಟ್ಟಣ ಖಾರ ಮಂಡಕ್ಕಿ ಖಾಲಿ. ಗಾಡಿ ಬರದೇ ಇದ್ದ ದಿನವೂ ಮನೆಯಲ್ಲಿ ಗೇಟ್ ಬಿದ್ದಿತ್ತು ಅಂತಲೇ ಹೇಳುತ್ತಿದ್ದೆ.

ಮಂಡಿಪೇಟೆ_ಮಾಮ

ಬರ್ರಿ ಬರ್ರಿ. 11 ವರ್ಷ ಅಂದರೆ ಸ್ವಲ್ಪ ಜಾಸ್ತಿನೇ ಆಯಿತು.

ದೋಸೆಗೆ ಇಂಥದ್ದೇ ಹೋಟೆಲ್ ಅಂತ ನಾನು ಹೇಳಲ್ಲ. ಹೇಳಿದರೆ ಕೆಳಗೆ ಹತ್ತು ಜನ ಬಂದು ಅದಲ್ಲ ಇದು ಅಂತ ಜಗಳ ಶುರು ಮಾಡುತ್ತಾರೆ, ಈ ಊರಲ್ಲಿ ಪ್ರತಿ ಮನೆಗೂ ಅದರದ್ದೇ ದೋಸೆ ಹೋಟೆಲ್ ಇದೆ. ಒಂದೇ ಗುರುತು ಹೇಳುತ್ತೇನೆ. ಒಳಗೆ ಕಟ್ಟಿಗೆ ಒಲೆ ಉರಿಯುತ್ತಿರಬೇಕು, ಗೋಡೆ ಹೊಗೆ ಹಿಡಿದು ಕಪ್ಪಾಗಿರಬೇಕು, ಮೆನು ಕಾರ್ಡ್ ಇರಬಾರದು. ಗ್ಯಾಸ್ ಒಲೆ ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ. ಭಾನುವಾರ ಎಂಟೂವರೆ ಮೇಲೆ ಹೋದರೆ ಕೂತವರ ಬೆನ್ನ ಹಿಂದೆ ನಿಂತು, ಅವರು ಕೊನೇ ತುತ್ತು ಯಾವಾಗ ಎತ್ತುತ್ತಾರೆ ಅಂತ ಕಾಯಬೇಕು. ಅದೂ ನಿಮಗೆ ನೆನಪಿರಬೇಕು.

ಮೆಣಸಿನಕಾಯಿಗೆ ರಾಮ್ ಅಂಡ್ ಕೋ ಸರ್ಕಲ್ ಕಡೆ ಸಂಜೆ ಆರರ ಮೇಲೆ ಹೋಗಿ, ಗಾಡಿಗಳು ನಿಂತಿರುತ್ತವೆ. ಪುಣೆಯಲ್ಲಿ ಬೋಂಡಾ ಅಂಗಡಿಗೆ ಹೋಗಿ "ಎರಡು ಮೆಣಸಿನಕಾಯಿ ಕೊಡಿ" ಅಂತ ಕೇಳಿದ್ದೀರಾ ಯಾವಾಗಾದರೂ? ನಾನು ಬೆಂಗಳೂರಿನಲ್ಲಿ ಕೇಳಿದ್ದೆ. ಅವನು ಎರಡು ಹಸಿಮೆಣಸಿನಕಾಯಿ ಎತ್ತಿ ಪೇಪರ್ ಮೇಲೆ ಇಟ್ಟ. ಬಜ್ಜಿ ಅಂತ ಬಾಯಿಬಿಟ್ಟು ಹೇಳಬೇಕಾದ ಊರುಗಳಲ್ಲಿ ಹೇಗೆ ಬದುಕುತ್ತೀರೋ.

ರಸ್ತೆ ವಿಷಯ. ಮಂಡಿಪೇಟೆ, ಚೌಕಿಪೇಟೆ ಇವೆ, ಎಲ್ಲಿಗೂ ಹೋಗಿಲ್ಲ. ಆದರೆ ಬೈಕು ಜಾಸ್ತಿ, ಮಗಳ ಕೈ ಬಿಡಬೇಡಿ. ಬೆಳಿಗ್ಗೆ ಆರೂವರೆಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ನಡೆದರೆ ನಿಮ್ಮ ಹಳೇ ರಸ್ತೆ ಸಿಗುತ್ತದೆ, ಹತ್ತಕ್ಕೆ ಹೋದರೆ ಸಿಗಲ್ಲ. ಗೇಟಿನ ಕಥೆ ಇಲ್ಲಿ ಬರೆದರೆ ಮುಗಿಯಲ್ಲ, ಬಂದು ನೀವೇ ನೋಡಿ.

ಒಗ್ಗರಣೆ_ಡಬ್ಬಿ

ನಾನು ಊರು ಬಿಟ್ಟು 20 ವರ್ಷ ಆಯಿತು, ಮೈಸೂರಿನಲ್ಲಿದ್ದೇನೆ. ಈ ದೋಸೆ ಮನೆಯಲ್ಲಿ ಮಾಡೋಕೆ ಎಷ್ಟು ಹಿಟ್ಟು ಹಾಳು ಮಾಡಿದ್ದೇನೆ ಅಂತ ನಮ್ಮ ಯಜಮಾನರನ್ನು ಕೇಳಿ. ಗೊತ್ತಾಗಿದ್ದನ್ನು ಬರೆಯುತ್ತೇನೆ, ಪುಣೆಗೆ ಹೋದಮೇಲೆ ಉಪಯೋಗಕ್ಕೆ ಬರಬಹುದು.

ಎಲ್ಲರೂ ಬೆಣ್ಣೆ ಹಿಂದೆ ಬೀಳುತ್ತಾರೆ. ಗುಟ್ಟು ಇರೋದು ಬೆಣ್ಣೆಯಲ್ಲಿ ಅಲ್ಲ, ಹಿಟ್ಟಿನಲ್ಲಿ. ನಾಲ್ಕು ಲೋಟ ದೋಸೆ ಅಕ್ಕಿಗೆ ಮುಕ್ಕಾಲು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ರುಬ್ಬುವಾಗ ಎರಡು ಲೋಟ ಮಂಡಕ್ಕಿ ನೆನೆಸಿ ಹಿಂಡಿ ಹಾಕಬೇಕು. ಹೌದು, ಮಂಡಕ್ಕಿ. ನಮ್ಮೂರಿನವರು ಅದನ್ನು ದೋಸೆಗೂ ಬಿಟ್ಟಿಲ್ಲ. ಅದರಿಂದಲೇ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಉದ್ದು ಜಾಸ್ತಿ ಹಾಕಿದರೆ ಅದು ನಿಮ್ಮ ಮಗಳು ತಿಂದ ಸೆಟ್ ದೋಸೆ ಆಗುತ್ತದೆ. ತೆಳ್ಳಗೆ ಎಳೆಯಬೇಡಿ, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು ಸಾಕು.

ಬೆಣ್ಣೆ ಉಪ್ಪಿಲ್ಲದ ಬಿಳೀ ಬೆಣ್ಣೆ. ಡಬ್ಬಿಯ ಹಳದಿ ಬೆಣ್ಣೆ ಹಾಕಿದರೆ ಉಪ್ಪು ಮುಂದೆ ಬಂದು ಎಲ್ಲ ಕೆಡುತ್ತದೆ. ದೋಸೆ ಬೇಯುವಾಗ ಸುತ್ತ ಒಂದು ಸಲ, ತಟ್ಟೆಗೆ ಹಾಕುವಾಗ ಮೇಲೆ ಒಂದು ಉಂಡೆ.

ಪಲ್ಯಕ್ಕೆ ಅರಿಶಿನ ಹಾಕಬೇಡಿ! ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯೋ ಆಸೆ, ಕನ್ನಡದಲ್ಲಿ ದೊಡ್ಡ ಅಕ್ಷರ ಇಲ್ಲವಲ್ಲ. ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಚೆನ್ನಾಗಿ ಕಿವುಚಿ ಬೆಳ್ಳಗೆ ಮುದ್ದೆ ಹಾಗೆ ಇರಬೇಕು. ಚಟ್ನಿಗೆ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ನೀರು ನೀರಾಗಿ. ಒಗ್ಗರಣೆ ಬೇಡ. (ನನ್ನ ಹೆಸರು ನೋಡಿ ನಗಬೇಡಿ.)

ಇಷ್ಟೆಲ್ಲ ಮಾಡಿದರೂ ಕಟ್ಟಿಗೆ ಒಲೆ ಇಲ್ಲದೆ ಹತ್ತಕ್ಕೆ ಏಳು ಅಷ್ಟೇ. ನಮ್ಮ ಮಕ್ಕಳು ಅದನ್ನೇ ಹತ್ತು ಅಂದುಕೊಂಡಿದ್ದಾರೆ, ನಾನೂ ಸುಮ್ನೆ ಇದ್ದೇನೆ.

ಭಟ್ಟಿ_ಪಕ್ಕದ_ಮನೆ

ಬೇಜಾರು ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಬೇಕು. ಊರು ಬಿಟ್ಟವರೆಲ್ಲ ಮಂಡಕ್ಕಿ ಮಂಡಕ್ಕಿ ಅಂತೀರ. ನಾನು ಬೆಳೆದದ್ದು ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ. ಭತ್ತ ನೆನೆಸಿ, ಹುರಿದು, ಒಣಗಿಸಿ, ಹೊಟ್ಟು ತೆಗೆಸಿ, ಆ ಅಕ್ಕಿಗೆ ಉಪ್ಪುನೀರು ಹಾಕಿ, ಆಮೇಲೆ ಕಾದ ಮರಳಲ್ಲಿ ಅರಳಿಸುತ್ತಾರೆ. ಆ ಮರಳು ಕಾಯಿಸೋ ಬೆಂಕಿಯ ಮುಂದೆ ಬೆಳಗಿನ ಜಾವದಿಂದ ನಿಲ್ಲುವವರು ಮನುಷ್ಯರೇ ತಾನೆ? ಉರುವಲಿಗೆ ಹೊಟ್ಟು, ಕಟ್ಟಿಗೆ, ಅಗ್ಗಕ್ಕೆ ಸಿಕ್ಕರೆ ಹಳೇ ಟೈರು. ಟೈರ್ ಉರಿದ ದಿನ ನಮ್ಮವ್ವ ಒಣಗಲು ಹಾಕಿದ ಬಿಳೀ ಅಂಗಿ ಬೂದಿ ಬಣ್ಣವಾಗಿ ಒಳಗೆ ಬರುತ್ತಿತ್ತು. ನನ್ನ ಜೊತೆ ಓದುತ್ತಿದ್ದ ಇಬ್ಬರು ಐದನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಭಟ್ಟಿಗೆ ಹೋದರು. ಅದರಲ್ಲಿ ಒಬ್ಬ ಈಗಲೂ ಸಿಗುತ್ತಾನೆ. ಕೆಮ್ಮುತ್ತಲೇ ಮಾತಾಡುತ್ತಾನೆ.

ತಿನ್ನಬೇಡಿ ಅಂತ ಹೇಳುತ್ತಿಲ್ಲ, ನಾನೂ ದಿನಾ ತಿನ್ನುತ್ತೇನೆ, ಇವತ್ತು ಬೆಳಿಗ್ಗೆ ತಿಂದದ್ದೂ ಮಂಡಕ್ಕಿ ಉಸುಳಿನೇ. ಆದರೆ ನಿಮ್ಮ ಮಗಳಿಗೆ ಊರು ತೋರಿಸುತ್ತೇನೆ ಅಂತೀರಲ್ಲ, ಬರೀ ತಟ್ಟೆ ತೋರಿಸಿದರೆ ಅದು ಪುಣೆಯ ಬೋರ್ಡಿನ ದಾವಣಗೆರೆಯೇ.

ಮಂಡಿಪೇಟೆ_ಮಾಮ

@ಭಟ್ಟಿ_ಪಕ್ಕದ_ಮನೆ ನಿಜ ಹೇಳಿದಿರಿ, ತಕರಾರಿಲ್ಲ. ಇದಕ್ಕೆ ಸೇರಿಸೋದಾದರೆ ಮಿಲ್ಲುಗಳು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವು. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಸೈರನ್ ಕೂಗಿದರೆ ಅಮ್ಮ ಅಕ್ಕಿ ತೊಳೆಯುತ್ತಿದ್ದರು, ಮನೆಯಲ್ಲಿ ಗಡಿಯಾರದ ಕೆಲಸವೇ ಇರಲಿಲ್ಲ. ಶಿಫ್ಟ್ ಬಿಟ್ಟ ಮೇಲೆ ಅಪ್ಪ ಪೇಪರ್ ಪೊಟ್ಟಣದಲ್ಲಿ ತರುತ್ತಿದ್ದದ್ದು ಇದೇ ಮಂಡಕ್ಕಿ. ಯಾಕೆಂದರೆ ಆ ದುಡ್ಡಿಗೆ ಐದು ಮಕ್ಕಳ ಕೈ ತುಂಬುವಂಥದ್ದು ಬೇರೆ ಏನೂ ಸಿಗುತ್ತಿರಲಿಲ್ಲ. ಮಿಲ್ಲುಗಳು ಮುಚ್ಚಿದವು, ಹೆಸರು ಬಡಾವಣೆಗಳಿಗೆ ಉಳಿಯಿತು. ಈಗ ಡಿಸಿಎಂ ಟೌನ್‌ಶಿಪ್ ಅಂದರೆ ಉಪಮುಖ್ಯಮಂತ್ರಿಗಳ ಹೆಸರಿನದ್ದಾ ಅಂತ ಹುಡುಗರು ಕೇಳುತ್ತಾರೆ. ಅಲ್ಲಪ್ಪ, ದಾವಣಗೆರೆ ಕಾಟನ್ ಮಿಲ್ಸ್.

ಹರಿಹರದ_ಹೊಳೆ

ಎಲ್ಲರೂ ದಾವಣಗೆರೆ ದಾವಣಗೆರೆ ಅಂತ ಹೊಡೆದಾಡುತ್ತಿದ್ದೀರಿ, 14 ಕಿಲೋಮೀಟರ್ ಈಚೆಗೆ ನಾವೂ ಇದ್ದೇವೆ. ಭಾನುವಾರ ಮಧ್ಯಾಹ್ನ ಬನ್ನಿ, ಹರಿಹರೇಶ್ವರ ದೇವಸ್ಥಾನದ ಕಂಬಗಳ ನೆರಳಲ್ಲಿ ಮಗಳನ್ನು ಕೂರಿಸಿ, ತುಂಗಭದ್ರೆ ತೋರಿಸಿ. ಅರ್ಧ ಶಿವ ಅರ್ಧ ವಿಷ್ಣು ಒಂದೇ ಮೂರ್ತಿಯಲ್ಲಿ, ಮಕ್ಕಳಿಗೆ ಅದು ಇಷ್ಟ ಆಗುತ್ತದೆ. ದೋಸೆ ನಮ್ಮಲ್ಲೂ ಸಿಗುತ್ತದೆ, ನಿಲ್ಲದೇ ಕೂತು ತಿನ್ನಬಹುದು.

ಪಿಬಿರೋಡ್_ಪುಣೆ

ಎಲ್ಲರಿಗೂ ಥ್ಯಾಂಕ್ಸ್. @ಒಗ್ಗರಣೆ_ಡಬ್ಬಿ ಅಕ್ಕ, ಅರಿಶಿನದ ಮಾತು ಓದಿ ನಮ್ಮ ಮನೆಯವಳು ನನ್ನ ಮುಖ ನೋಡಿದಳು. ಅವಳು ಬೆಳಗಾವಿ ಕಡೆಯವಳು, ಹತ್ತು ವರ್ಷದಿಂದ ಅರಿಶಿನ ಹಾಕುತ್ತಿದ್ದಾಳೆ, ನಾನು ಹತ್ತು ವರ್ಷದಿಂದ ಏನೋ ಸರಿ ಇಲ್ಲ ಅನ್ನುತ್ತಿದ್ದೇನೆ. ಅದೇನು ಅಂತ ಇವತ್ತು ಗೊತ್ತಾಯಿತು.

@ಭಟ್ಟಿ_ಪಕ್ಕದ_ಮನೆ ಬೇಜಾರಿಲ್ಲ. ನಿಮ್ಮ ಮಾತು ಎರಡು ಸಲ ಓದಿದೆ. ನಮ್ಮ ಓಣಿಗೂ ಗಾಳಿ ತಿರುಗಿದಾಗ ಆ ವಾಸನೆ ಬರುತ್ತಿತ್ತು, ಊರು ನೆನೆದಾಗ ಅದು ನನಗೆ ಯಾಕೆ ನೆನಪಿಗೆ ಬರುವುದಿಲ್ಲವೋ. ನೆನಪಿಗೆ ಬರುವುದು ನರ್ಗಿಸ್ ಮಂಡಕ್ಕಿಯ ಹಳದಿ ಪುಡಿ ಅಂಟಿದ ಬೆರಳು, ದುರ್ಗಮ್ಮನ ಜಾತ್ರೆಯ ನೂಕಾಟ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದರೆ ಮನೆ ತುಂಬ ನೆಂಟರು, ಮಲಗೋಕೆ ಜಾಗ ಇಲ್ಲದೆ ನಾವು ಹುಡುಗರು ಮಾಳಿಗೆ ಮೇಲೆ. ಆ ಮಾಳಿಗೆ ಈಗ ಇಲ್ಲ ಅಂತ ಮನೆ ತಗೊಂಡವರು ಫೋಟೋ ಕಳಿಸಿದ್ದರು, ಮೂರು ಅಂತಸ್ತು ಎದ್ದಿದೆ. ನಾನು ಆ ಓಣಿಗೆ ಹೋಗಬೇಕಾ ಬೇಡವಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಅಂದಹಾಗೆ ಹಗೇದಿಬ್ಬ ಅಂದರೇನು ಅಂತ ಮಗಳು ಕೇಳಿದಳು. ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ, ಅದರ ದಿಬ್ಬ ಇದ್ದಿರಬೇಕು ಅಂತ ನಮ್ಮಜ್ಜ ಹೇಳುತ್ತಿದ್ದರು. ಅವಳಿಗೆ ಈಗ ದೋಸೆಗಿಂತ ಆ ಗುಂಡಿ ನೋಡುವ ಆಸೆ. ಎಲ್ಲಿಂದ ತರಲಿ?

ಭಟ್ಟಿ_ಪಕ್ಕದ_ಮನೆ

ಗುಂಡಿ ಸಿಗಲ್ಲ ಸರ್. ಭಟ್ಟಿ ಸಿಗುತ್ತದೆ. ಶನಿವಾರ ಮಧ್ಯಾಹ್ನ ಮದುವೆ ಮನೆಯಿಂದ ತಪ್ಪಿಸಿಕೊಳ್ಳೋಕೆ ಆದರೆ ಇಲ್ಲೇ ಮೆಸೇಜ್ ಹಾಕಿ, ಪರಿಚಯದವರ ಭಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಮರಳಲ್ಲಿ ಅಕ್ಕಿ ಅರಳೋದು ನೋಡಿದರೆ ಮಕ್ಕಳು ಕದಲಲ್ಲ, ಒಂದು ಕ್ಷಣ ಅಕ್ಕಿ, ಮುಂದಿನ ಕ್ಷಣ ಬುಟ್ಟಿ ತುಂಬ ಮಂಡಕ್ಕಿ. ಹೊಸ ಬಟ್ಟೆ ಹಾಕಿಸಿಕೊಂಡು ಬರಬೇಡಿ.

ಮಂಡಿಪೇಟೆ_ಮಾಮ

ಹಾಗಾದರೆ ಭಾನುವಾರದ ದೋಸೆ ನನ್ನ ಲೆಕ್ಕಕ್ಕೆ. ಬೆಳಿಗ್ಗೆ ಆರೂವರೆಗೆ ಹೊಂಡದ ಸರ್ಕಲ್‌ನಲ್ಲಿ ನಿಂತಿರುತ್ತೇನೆ, ಅಲ್ಲಿಂದ ನಡೆದುಕೊಂಡೇ ಹೋಗೋಣ, ನಿಮ್ಮ ಓಣಿ ದಾರಿಯಲ್ಲೇ ಬರುತ್ತದೆ. ಒಳಗೆ ಹೋಗುವುದು ಬಿಡುವುದು ಅಲ್ಲಿ ನಿಂತಾಗ ನೋಡಿಕೊಳ್ಳಿ. ಮಗಳಿಗೆ ಮೊದಲು ಖಾಲಿ ದೋಸೆ ಹೇಳೋಣ, ಓಪನ್ ದೋಸೆ ಬೇಡ, ಅದರ ಚಟ್ನಿಪುಡಿ ಖಾರ ಇರುತ್ತದೆ. ಮತ್ತೆ ಆ ಹೋಟೆಲ್ ಯಾವುದು ಅಂತ ಇಲ್ಲಿ ಬರೆಯಬೇಡಿ.