ಎಂ ಬಿಗಿ, ಎಲ್ ಸಡಿಲ: ಫ್ರೀಡೈವಿಂಗ್ ವೆಟ್‌ಸೂಟ್ ಯಾವ ಅಳತೆಯದು ತಗೊಳ್ಳಲಿ?

ಮೂಡಿಗೆರೆ ತೋಟದವನು

ಎಲ್ಲರಿಗೂ ನಮಸ್ಕಾರ. ನಾನು ಕಾಫಿ ತೋಟದವನು, ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಹೋದ ವರ್ಷ ಅಂಡಮಾನ್‌ನಲ್ಲಿ ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ ಬರಿ ಉಸಿರು ಹಿಡಿದು ಮುಳುಗುವುದು) ಮೊದಲ ಕೋರ್ಸ್ ಮಾಡಿದೆ, ಆಮೇಲೆ ಅದರ ಹುಚ್ಚು ಬಿಟ್ಟೇ ಇಲ್ಲ. ಅಲ್ಲಿ ಬಾಡಿಗೆಗೆ ಸಿಕ್ಕಿದ್ದು 3 ಮಿ.ಮೀ. ದಪ್ಪದ ವೆಟ್‌ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು), ಬೆನ್ನಿಗೆ ಜಿಪ್, ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದವರದ್ದೇ ಇರಬೇಕು. ಸೊಂಟದ ಹಿಂದೆ ಜೋಳಿಗೆ ಹಾಗೆ ಸಡಿಲ. ತಲೆ ಕೆಳಗೆ ಮಾಡಿ ಇಳಿದಾಗಲೆಲ್ಲ ಕತ್ತಿನಿಂದ ನೀರು ನುಗ್ಗಿ ಬೆನ್ನ ತುಂಬಾ ಓಡಾಡುತ್ತಿತ್ತು. ನೀರು ಬೆಚ್ಚಗೇ ಇತ್ತು, ಆದರೂ ಮುಕ್ಕಾಲು ಗಂಟೆಗೆ ಹಲ್ಲು ಕಟಕಟ. ಜನವರಿ ಚಳಿಯಲ್ಲಿ ಬೆಳಗ್ಗೆ ಆರಕ್ಕೆ ಕಣಕ್ಕೆ ಹೋಗುವವನು ನಾನು, ಅಂಡಮಾನ್‌ನಲ್ಲಿ ನಡುಗಿದೆ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಈಗ ಸ್ವಂತದ್ದು ತಗೊಳ್ಳಬೇಕು. ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಮುರ್ಡೇಶ್ವರಕ್ಕೆ ಹೋಗಿ ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಯೋಚನೆ ಇದೆ. ಎತ್ತರ 178 ಸೆಂ.ಮೀ., ಎದೆ 102, ಸೊಂಟ 80. ಚಾರ್ಟ್ ನೋಡಿದರೆ ಎದೆಗೆ ಎಲ್, ಸೊಂಟಕ್ಕೆ ಎಂ. ಗೆಳೆಯನ ಎಂ ಹಾಕಿ ನೋಡಿದೆ. ಹಾಕುವಷ್ಟರಲ್ಲಿ ಬೆವರು ಸುರಿಯಿತು, ಬಿಚ್ಚೋಕೆ ಅಣ್ಣನನ್ನು ಕೂಗಬೇಕಾಯಿತು. ನಿಜವಾಗಿ ಇಷ್ಟು ಬಿಗಿ ಇರಬೇಕಾ? ಅಥವಾ ಸುಮ್ನೆ ಎಲ್ ತಗೊಂಡು, 3ರ ಬದಲು 5 ಮಿ.ಮೀ. ದಪ್ಪದ್ದು ಹಾಕಿಕೊಂಡರೆ ಆಗುತ್ತದಾ?

ಸಕಲೇಶಪುರ ಕಡೆಯವ

ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಆಗುವುದಿಲ್ಲ. ಸಡಿಲ ಇರುವ 5 ಮಿ.ಮೀ.ಗಿಂತ ಮೈಗೆ ಅಂಟಿದ 2 ಮಿ.ಮೀ. ಬೆಚ್ಚಗಿರುತ್ತದೆ. ನಿಯೋಪ್ರೀನ್ ಅಂದರೆ ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ರಬ್ಬರ್, ಶಾಖ ತಡೆಯುವುದು ಆ ಗುಳ್ಳೆಗಳು. ಆದರೆ ಸೂಟ್ ಮತ್ತು ಮೈ ನಡುವೆ ಜಾಗ ಇದ್ದರೆ ನೀವು ಕಷ್ಟಪಟ್ಟು ಕಾಯಿಸಿದ ನೀರು ಪ್ರತಿ ಡೈವ್‌ಗೂ ಹೊರಗೆ ಹೋಗಿ ಹೊಸ ನೀರು ಬರುತ್ತದೆ. ಬಾಗಿಲು ತೆಗೆದಿಟ್ಟು ಬಚ್ಚಲ ಒಲೆ ಉರಿಸಿದ ಹಾಗೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಮೈ ಶಾಖ ಎಳೆಯುತ್ತದೆ, ಅದಕ್ಕೇ 28 ಡಿಗ್ರಿ ನೀರಿನಲ್ಲೂ ನಡುಕ ಬರುವುದು. ನಡುಗುವ ಸ್ನಾಯು ಆಮ್ಲಜನಕ ತಿನ್ನುತ್ತದೆ, ಉಸಿರು ಹಿಡಿಯುವ ಹೊತ್ತು ಅಲ್ಲೇ ಹೋಯಿತು.

5 ಮಿ.ಮೀ.ಗೆ ಇನ್ನೊಂದು ತಕರಾರು ಇದೆ. ಅದು ಜಾಸ್ತಿ ತೇಲುತ್ತದೆ, ಹಾಗಾಗಿ ಮುಳುಗಲು ಸೊಂಟಕ್ಕೆ ಜಾಸ್ತಿ ಸೀಸ ಕಟ್ಟಬೇಕು. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗಿ ಗುಳ್ಳೆಗಳು ಅರ್ಧಕ್ಕೆ ಕುಗ್ಗುತ್ತವೆ. ತೇಲಿಸುತ್ತಿದ್ದ ಸೂಟ್ ತೆಳ್ಳಗಾಯಿತು, ಸೀಸ ಮಾತ್ರ ಅಷ್ಟೇ ಇದೆ, ಕೆಳಗೆ ಎಳೆಯುತ್ತದೆ. ನೇತ್ರಾಣಿಗೆ 3 ಧಾರಾಳ ಸಾಕು, ನನ್ನದು 2.

ಬಿಗಿ ಎಷ್ಟಿರಬೇಕು ಅಂದರೆ, ಎಲ್ಲೂ ಚಿವುಟಿ ಹಿಡಿಯುವಷ್ಟು ಸಡಿಲ ಇರಬಾರದು. ಸೊಂಟದ ಹಿಂದಿನ ಗುಳಿ, ಕಂಕುಳು, ತೊಡೆಸಂದಿ, ಮೊಣಕಾಲ ಹಿಂದೆ, ಈ ನಾಲ್ಕು ಕಡೆ ನೋಡಿ, ಮೋಸ ಮಾಡುವುದು ಅಲ್ಲೇ. ಎರಡೂ ಕೈ ತಲೆ ಮೇಲೆ ಜೋಡಿಸಿ ನಿಂತುಕೊಳ್ಳಿ, ಭುಜ ಕೆಳಗೆ ಜಗ್ಗಿದರೆ ಸೂಟ್‌ನ ಮೈ ಉದ್ದ ಸಾಲದು. ಆಮೇಲೆ ಹೊಟ್ಟೆಯಿಂದ ಶುರು ಮಾಡಿ ಎದೆಯವರೆಗೆ ಪೂರ್ತಿ ಉಸಿರು ತುಂಬಿಕೊಳ್ಳಿ. ಸೂಟ್ ತಬ್ಬಿಕೊಂಡ ಹಾಗೆ ಅನ್ನಿಸಬಹುದು, ಆದರೆ ಕೊನೆಯ ಆ ಒಂದು ಗುಟುಕು ಗಾಳಿ ಒಳಗೆ ಹೋಗುತ್ತಿಲ್ಲ ಅಂದರೆ ಆ ಸೂಟ್ ನಿಮ್ಮದಲ್ಲ, ಎಷ್ಟೇ ಕಡಿಮೆಗೆ ಸಿಕ್ಕರೂ.

ಕತ್ತು ಮಾತ್ರ ಹುಷಾರು. ಸೂಟ್‌ನ ಟೋಪಿ ಹಾಕಿಕೊಂಡು ಎಂಜಲು ನುಂಗಿ, ತಲೆ ಆ ಕಡೆ ಈ ಕಡೆ ತಿರುಗಿಸಿ. ಗಂಟಲು ಒತ್ತಿದರೆ ಅಥವಾ ತಲೆ ಸುತ್ತು ಬಂದ ಹಾಗಾದರೆ ತಕ್ಷಣ ಬಿಚ್ಚಿ. ಕತ್ತಿನ ಎರಡು ಪಕ್ಕ ರಕ್ತದೊತ್ತಡ ಗ್ರಹಿಸುವ ಜಾಗಗಳಿವೆ, ಅಲ್ಲಿ ಒತ್ತಿದರೆ ಹೃದಯದ ಬಡಿತ, ಒತ್ತಡ ಎರಡೂ ಇಳಿಯುತ್ತವೆ. ನೀರಿನೊಳಗೆ ಅದು ತಮಾಷೆ ಅಲ್ಲ.

ಹಾಸನದವಳು

ತೋಟದವರೇ, ಎಂ ಅಥವಾ ಎಲ್ ಅಂತ ಯಾಕೆ ತಲೆಕೆಡಿಸಿಕೊಂಡಿದ್ದೀರಿ? ಫ್ರೀಡೈವಿಂಗ್ ಸೂಟ್ ಸಾಮಾನ್ಯವಾಗಿ ಎರಡು ತುಂಡು ಅಲ್ವಾ. ಟೋಪಿ ಸೇರಿದ ಜಾಕೆಟ್ ಒಂದು, ಪ್ಯಾಂಟ್ ಒಂದು. ಎಷ್ಟೋ ಕಡೆ ಬೇರೆ ಬೇರೆಯಾಗಿ ಮಾರುತ್ತಾರೆ. ಜಾಕೆಟ್ ಎಲ್, ಪ್ಯಾಂಟ್ ಎಂ ತಗೊಳ್ಳಿ. ಜಾಕೆಟ್‌ಗೆ ಹಿಂದೆ ಒಂದು ಬಾಲ ಇರುತ್ತದೆ, ಲಂಗೋಟಿ ಹಾಗೆ ಕಾಲ ಸಂದಿಯಿಂದ ಮುಂದೆ ಎಳೆದು ಸಿಕ್ಕಿಸಬೇಕು. ಅದು ಎಳೆದುಕೊಂಡು ಭುಜಕ್ಕೆ ನೋವಾದರೆ ಜಾಕೆಟ್ ಗಿಡ್ಡ ಅಂತ ಅರ್ಥ.

ನನ್ನ ಮೈಗೆ ಯಾವ ಚಾರ್ಟೂ ಹೊಂದಲಿಲ್ಲ, ಅದಕ್ಕೆ ಅಳತೆ ಕೊಟ್ಟು ಹೊಲಿಸಿದೆ. ಮೊದಲನೆಯದು ಪೂರ್ತಿ ದಂಡ. ಆದದ್ದೇನೆಂದರೆ, ಮಾಮೂಲಿ ಬ್ಲೌಸ್ ಹೊಲಿಯುವವರ ಹತ್ತಿರ ಅಳತೆ ತೆಗೆಸಿದ್ದೆ. ಅವರು ಅಭ್ಯಾಸಬಲದಿಂದ ಟೇಪಿನೊಳಗೆ ಎರಡು ಬೆರಳು ಇಟ್ಟು, ಮೇಲೆ ಒಂದಿಷ್ಟು ಲೂಸ್ ಸೇರಿಸಿ ಬರೆದಿದ್ದರು. ಅವರ ತಪ್ಪೇನಿಲ್ಲ, ಯಾತಕ್ಕೆ ಅಂತ ನಾನೇ ಹೇಳಿರಲಿಲ್ಲ. ಬಂದದ್ದು ವೆಟ್‌ಸೂಟ್ ಅಲ್ಲ, ಕಾಫಿ ಮೂಟೆ. ಬರಿ ಮೈ ಮೇಲೆ ಟೇಪ್ ಇಡಬೇಕು, ಚರ್ಮ ಒತ್ತಬಾರದು, ಬೆರಳೂ ಇಡಬಾರದು. ಹೊಟ್ಟೆ ಒಳಗೆ ಎಳೆದುಕೊಂಡು ನಿಲ್ಲಬೇಡಿ, ಅಲ್ಲಿ ಯಾರೂ ನಿಮ್ಮನ್ನು ನೋಡಲು ಬಂದಿಲ್ಲ. ಇನ್ನೊಂದು ದಿನ ಮತ್ತೆ ಅಳೆದು ಎರಡೂ ಹೋಲಿಸಿ.

ಬೆವರಿನ ವಿಷಯ. ಗೆಳೆಯರ ಸೂಟ್‌ನ ಒಳಗೆ ಬಟ್ಟೆ ಇತ್ತೋ, ಬರಿ ರಬ್ಬರೋ? ಬರಿ ರಬ್ಬರ್ ಇದ್ದರೆ ಅದೇ ಓಪನ್ ಸೆಲ್. ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ, ನೀರು ನುಸುಳುವುದಿಲ್ಲ, ಬೆಚ್ಚಗೆ, ಮೆತ್ತಗೆ. ಆದರೆ ಒಣ ಮೈಗೆ ಹಾಕಲು ಹೋದರೆ ಹರಿಯುವ ಸಾಧ್ಯತೆ ಜಾಸ್ತಿ. ಕಂಡೀಷನರ್ ಅಥವಾ ಬೇಬಿ ಶಾಂಪೂ ನೀರಿಗೆ ಬೆರೆಸಿ ಒಳಗೆ ಸುರಿದು ಉಜ್ಜಿದರೆ ಜಾರಿಕೊಂಡು ಹೋಗುತ್ತದೆ. ಉಗುರಲ್ಲಿ ಎಳೆಯಬೇಡಿ, ಬೆರಳ ತುದಿಯ ಮಾಂಸದಲ್ಲಿ ಹಿಡಿಯಿರಿ. ಮರಗಸಿ (ನೆರಳುಮರದ ಕೊಂಬೆ ಕಡಿಯುವುದು) ಮಾಡಿಸಿ ಒರಟಾದ ಕೈ ಆದರೆ ಮೊದಲು ಉಗುರು ಕತ್ತರಿಸಿ. ಒಳಗೆ ಬಟ್ಟೆ ಇರುವುದು ಗಟ್ಟಿ, ಒರಟು ಬಳಕೆಗೆ ಅದೇ ಒಳ್ಳೆಯದು, ಬೆಚ್ಚಗೆ ಮಾತ್ರ ಸ್ವಲ್ಪ ಕಡಿಮೆ.

ಮೂಡಿಗೆರೆ ತೋಟದವನು

ಅಕ್ಕಾ, ಎರಡು ತುಂಡು ಅಂತ ಗೊತ್ತಿತ್ತು, ಬೇರೆ ಬೇರೆ ಅಳತೆ ತಗೊಳ್ಳಬಹುದು ಅಂತ ಹೊಳೆದೇ ಇರಲಿಲ್ಲ! ಗೆಳೆಯನದು ಓಪನ್ ಸೆಲ್, ನಾನು ಒಣ ಮೈಗೇ ಹಾಕಿದ್ದೆ. ಹರಿಯದೆ ಬಚಾವ್. ಇನ್ನೊಂದು ಪ್ರಶ್ನೆ: ಸೂಟ್ ಬಂದ ಮೇಲೆ ಗೊರೂರು ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿ ಚರ್ಚ್ ಹತ್ತಿರ, ಒಂದು ಸಲ ಇಳಿದು ನೋಡಲಾ?

ಸಕಲೇಶಪುರ ಕಡೆಯವ

ಬೇಡ ಮಾರಾಯ್ರೇ. ಕೆಸರು ನೀರು, ಒಂದು ಮೊಳ ಆಚೆ ಕಾಣುವುದಿಲ್ಲ, ಕೆಳಗೆ ಮೀನಿನ ಬಲೆ, ಹಳೇ ಮರದ ಬುಡ. ಸೂಟ್ ಪರೀಕ್ಷೆ ಈಜುಕೊಳದಲ್ಲಿ ಮಾಡಿ, ಅಲ್ಲೂ ಕೋರ್ಸ್ ಮಾಡಿದ ಒಬ್ಬ ಜೊತೆಗಾರ ಪಕ್ಕದಲ್ಲೇ ಇರಲಿ. ಉಸಿರು ಹಿಡಿಯುವ ಕೆಲಸ ಒಬ್ಬರೇ ಮಾಡುವಂಥದ್ದಲ್ಲ.

ಇನ್ನೊಂದು, ತೋಟದವರಿಗೆ ಹೇಳಲೇಬೇಕಾದದ್ದು. ಒಣಗಿಸಲು ಕಣದಲ್ಲಿ ಕಾಫಿ ಪಕ್ಕ ಹರಡಬೇಡಿ. ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ಸಿಹಿನೀರಲ್ಲಿ ಚೆನ್ನಾಗಿ ತೊಳೆದು (ಸೂಟ್ ಒಳಗೆ ಉಚ್ಚೆ ಹೊಯ್ಯದ ಡೈವರ್ ಇಲ್ಲ, ನೀರಿಗಿಳಿದರೆ ದೇಹವೇ ಹಾಗೆ ಮಾಡುತ್ತದೆ) ನೆರಳಲ್ಲಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಬೂಷ್ಟು ಬರದೆ ಇರುವುದಿಲ್ಲ, ಪೂರ್ತಿ ಒಣಗಿಸಿ ಪೌಡರ್ ಹಾಕಿ ಅಗಲ ಹ್ಯಾಂಗರ್‌ಗೆ ತೂಗುಹಾಕಿ. ಮಡಚಿಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ.

ಮೂಡಿಗೆರೆ ತೋಟದವನು

ನಿನ್ನೆ ಅಣ್ಣನ ಕೈಯಲ್ಲಿ ಬರಿ ಮೈ ಮೇಲೆ ಅಳತೆ ತೆಗೆಸಿದೆ. ಎದೆ 102 ಅಲ್ಲ, 100. ಬನಿಯನ್ ಮತ್ತು ಸ್ವೆಟರ್ ಮೇಲೆ ಅಳೆದಿದ್ದೆ. ಆದರೂ ಚಾರ್ಟ್ ಪ್ರಕಾರ ಎಲ್ ಜಾಕೆಟ್ಟೇ. 3 ಮಿ.ಮೀ. ಓಪನ್ ಸೆಲ್, ಜಾಕೆಟ್ ಎಲ್, ಪ್ಯಾಂಟ್ ಎಂ ಆರ್ಡರ್ ಮಾಡಿದ್ದೇನೆ. ಬಿಚ್ಚೋಕೆ ಮುರ್ಡೇಶ್ವರಕ್ಕೂ ನಾನೇ ಬರಬೇಕಾ ಅಂತ ಅಣ್ಣ ಕೇಳುತ್ತಿದ್ದಾನೆ.