ಪದಚರ್ಚೆ: ಅನ್‌ಕಾನ್ಫರೆನ್ಸ್‌ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕನ್ನಡ ತಂತ್ರಾಂಶದಲ್ಲಿ ಆಸಕ್ತಿ ಇರುವ ನಾವು ಕೆಲವರು ಸೇರಿ ಒಂದು ದಿನದ ಕೂಟ ಏರ್ಪಡಿಸುತ್ತಿದ್ದೇವೆ. ವೇದಿಕೆ ಇಲ್ಲ, ಅಧ್ಯಕ್ಷರಿಲ್ಲ, ಮೊದಲೇ ಗೊತ್ತುಮಾಡಿದ ಭಾಷಣಕಾರರೂ ಇಲ್ಲ. ಬಂದವರೇ ಬೆಳಿಗ್ಗೆ ತಮ್ಮ ತಮ್ಮ ವಿಷಯವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಯಾವ ಕೋಣೆ, ಯಾವ ಹೊತ್ತು ಎಂದು ಹಂಚಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಅನ್‌ಕಾನ್ಫರೆನ್ಸ್ ಎನ್ನುತ್ತಾರೆ. ಕರೆಯೋಲೆಯನ್ನು ಕನ್ನಡದಲ್ಲಿ ಬರೆಯಲು ಕುಳಿತು ಮೂರು ಸಂಜೆ ಕಳೆದವು. ಆರನೆಯ ಸಾಲು ದಾಟಿಲ್ಲ.

ಪದ್ಧತಿಯೇನೂ ಹೊಸದಲ್ಲ. ಸಮ್ಮೇಳನಗಳಲ್ಲಿ ಜನರಿಗೆ ರುಚಿಸುವುದು ಕಾಫಿ ವಿರಾಮವೇ ಎಂಬುದನ್ನು ಕಂಡುಕೊಂಡ ಹ್ಯಾರಿಸನ್ ಓವೆನ್, ಇಡೀ ಸಭೆಯನ್ನೇ ಕಾಫಿ ವಿರಾಮದಂತೆ ನಡೆಸುವ ಓಪನ್ ಸ್ಪೇಸ್ ಕ್ರಮವನ್ನು 1985ರಲ್ಲಿ ಆರಂಭಿಸಿದರು. 2005ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ತಂತ್ರಜ್ಞರ ಇಂಥದೇ ಒಂದು ಕೂಟ, ಮೊದಲ ಬಾರ್‌ಕ್ಯಾಂಪ್, ನಡೆಯಿತು. ಅದರ ಸಿದ್ಧತೆಯೆಲ್ಲ ಯಾರು ಬೇಕಾದರೂ ತಿದ್ದಬಹುದಾದ ವಿಕಿ ಪುಟದಲ್ಲಿ ನಡೆದಿತ್ತು. ಮರುವರ್ಷವೇ ಬೆಂಗಳೂರಿಗೂ ಬಂತು. ಬಾರ್‌ಕ್ಯಾಂಪ್ ಎಂಬ ಹೆಸರು ಹಾಗೆಯೇ ಉಳಿದುಕೊಂಡಿತು. ಕನ್ನಡದಲ್ಲಿ ಅದಕ್ಕೊಂದು ಮಾತು ಹುಟ್ಟಲಿಲ್ಲ.

‘ಅಸಮ್ಮೇಳನ’ ಎಂದು ಒಬ್ಬರು ಸೂಚಿಸಿದರು. ಕೇಳಿದರೆ ಏನೋ ಗಲಾಟೆಯಾಗಿ ನಿಂತುಹೋದ ಸಮ್ಮೇಳನದಂತಿದೆ. ‘ಮುಕ್ತ ಗೋಷ್ಠಿ’ ಎಂದರೆ ಪ್ರವೇಶ ಉಚಿತ ಎಂದಷ್ಟೇ ಅರ್ಥವಾಗುತ್ತದೆ. ಹಿಂದುಮುಂದಾಗಿ ‘ಗೋಷ್ಠಿ ಮುಕ್ತ’ ಎಂದರಂತೂ ತಂಬಾಕು ಮುಕ್ತದ ಸಾಲಿಗೆ ಸೇರುತ್ತದೆ. ನನಗೆ ‘ಬಯಲು ಕೂಟ’ ಇಷ್ಟವಾಗಿತ್ತು, ಬಯಲಾಟದ ನೆನಪೂ ಬರುತ್ತದೆ ಎಂದುಕೊಂಡಿದ್ದೆ. ಆದರೆ ಗುಂಪಿನ ಕಿರಿಯರಿಗೆ ಬಯಲು ಎಂದೊಡನೆ ನೆನಪಾದದ್ದು ಪಂಚಾಯಿತಿಯ ಶೌಚಾಲಯದ ಫಲಕ. ಕೂಟ ಎಂಬುದನ್ನು ಅಮೆರಿಕದ ಕನ್ನಡಿಗರು ಸಂಘ ಎಂಬ ಅರ್ಥದಲ್ಲಿ ಬಳಸುತ್ತಾರೆ, ಕರಾವಳಿಯವರು ತಾಳಮದ್ದಳೆಗೂ ಕೂಟ ಎನ್ನುತ್ತಾರೆ. ಇದರಿಂದ ಗೊಂದಲವಾದೀತು ಎಂದು ನನಗನಿಸುವುದಿಲ್ಲ. ಹಳೆಯ ಮಾತು ಹೊಸ ಕೆಲಸಕ್ಕೆ ಒಗ್ಗುವುದು ನಮ್ಮಲ್ಲಿ ಇದ್ದದ್ದೇ: ನಾಣ್ಯ ಅಚ್ಚುಹಾಕುವ ಜಾಗವಾಗಿದ್ದ ಕಮ್ಮಟದಲ್ಲಿ ಈಗ ಕಥೆ, ಕವಿತೆ ತಿದ್ದುತ್ತೇವೆ, ಗೋಷ್ಠಿಯ ಮೂಲದಲ್ಲಿ ಇರುವುದು ದನದ ಕೊಟ್ಟಿಗೆ.

ಎರಡನೆಯ ತೊಡಕು ಫೆಸಿಲಿಟೇಟರ್, ಅಂದರೆ ಮಾತುಕತೆ ಸರಾಗವಾಗಿ ಸಾಗುವಂತೆ ನೋಡಿಕೊಳ್ಳುವವರು. ಈತ ಅಧ್ಯಕ್ಷನಲ್ಲ, ನಿರೂಪಕನಲ್ಲ. ಶಿಕ್ಷಕರ ತರಬೇತಿಯ ಕೈಪಿಡಿಗಳಲ್ಲಿ ‘ಸುಗಮಕಾರರು’ ಎಂದಿರುತ್ತದೆ. ಅರ್ಥ ಸರಿ, ಆದರೆ ನನ್ನ ಕಿವಿಗೆ ಭಾವಗೀತೆ ಹಾಡುವವರಂತೆ ಕೇಳಿಸುತ್ತದೆ. ‘ಸೂತ್ರಧಾರ’ ಬೇಡವೇ ಬೇಡ, ದಾರ ಎಳೆಯಬಾರದು ಎಂಬುದೇ ಈ ಪದ್ಧತಿಯ ಷರತ್ತು. ‘ನಿರ್ವಾಹಕ’ ಎಂದರೆ ಬಸ್ಸಿನ ಕಂಡಕ್ಟರ್ ಎಂದು ನಕ್ಕರು. ನಕ್ಕವರಿಗೆ ನನ್ನ ಉತ್ತರ ಇಷ್ಟೇ: ಬಸ್ ಓಡಿಸುವುದು ಅವರಲ್ಲ; ಹತ್ತುವವರು ಹತ್ತಿದರೇ, ಇಳಿಯುವವರು ಇಳಿದರೇ ಎಂದು ನೋಡಿ ಸೀಟಿ ಊದುವುದು ಅವರ ಕೆಲಸ. ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ.

ಓವೆನ್ ಅವರ ಇನ್ನೊಂದು ಮಾತಿದೆ, ಎರಡು ಕಾಲಿನ ನಿಯಮ. ಕೂತಲ್ಲಿ ಕಲಿಯುವುದೂ ಆಗುತ್ತಿಲ್ಲ, ಕಲಿಸುವುದೂ ಆಗುತ್ತಿಲ್ಲ ಎನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ ಎಂಬುದು ಅದರ ಸಾರ. ‘ಕಾಲಿಗೆ ಬುದ್ಧಿ ಹೇಳಿ’ ಎಂದು ಬರೆದು ಖುಷಿಪಟ್ಟೆ. ಮರುದಿನ ಓದಿದಾಗ ಹೆದರಿ ಓಡಿಹೋಗಿ ಎಂದಂತಿತ್ತು. ಆ ನುಡಿಗಟ್ಟಿನಿಂದ ಹೇಡಿತನವನ್ನು ಬೇರ್ಪಡಿಸಲು ಸಾಧ್ಯವೇ?

ಕೊನೆಯದು, ಆನ್‌ಲೈನ್ ನಮೂನೆ. ‘ಬರುತ್ತೇನೆ’, ‘ಬರುವುದಿಲ್ಲ’, ‘ನೋಡೋಣ’ ಎಂದು ಮೂರು ಆಯ್ಕೆ ಕೊಟ್ಟಿದ್ದೆ. ಇಂಗ್ಲಿಷಿನ ‘ಮೇಬಿ’ಗೆ ‘ನೋಡೋಣ’ ಸರಿ ಎಂದುಕೊಂಡದ್ದು ನನ್ನ ತಪ್ಪು. ಅರ್ಧಕ್ಕರ್ಧ ಜನ ಅದನ್ನೇ ಒತ್ತಿದರು. ಅಡುಗೆಯವರು ಫೋನ್ ಮಾಡಿ “ಎಷ್ಟು ಎಲೆ?” ಎಂದರು. ಹಾಳೆಯಲ್ಲಿದ್ದುದನ್ನು ಓದಿ ಹೇಳಿದೆ. “ನೋಡೋಣ ಅಂದವರು ಬರುವುದಿಲ್ಲ ಸ್ವಾಮಿ, ಅವರ ಎಲೆ ಬಿಡಿ” ಎಂದು ಒಂದೇ ಮಾತಿನಲ್ಲಿ ಪದಾರ್ಥ ಮುಗಿಸಿದರು. ನಿಜ, ನಮ್ಮಲ್ಲಿ ‘ನೋಡೋಣ’ ಎಂದರೆ ಮುಖ ಮುರಿಯದೆ ಹೇಳುವ ‘ಇಲ್ಲ’. ಹಾಗಾದರೆ ನಿಜವಾಗಿಯೂ ಇನ್ನೂ ತೀರ್ಮಾನಿಸದವರಿಗೆ ಏನು ಬರೆಯಬೇಕು? ‘ಖಚಿತವಿಲ್ಲ’ ಕಚೇರಿಯ ಮಾತಾಯಿತು. ‘ಬಂದರೂ ಬಂದೆ’ ಎಂದು ಹಾಕಿದರೆ ಹೇಗೆ? ನಿಮ್ಮ ಊರಿನ ಕಡೆ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.

ಕರೆಯೋಲೆ ಶುಕ್ರವಾರ ಸಂಜೆ ಹೊರಡಬೇಕು. ಅಷ್ಟರೊಳಗೆ ಬರೆದರೆ ಉಪಕಾರ. ‘ನೋಡೋಣ’ ಎಂದು ಮಾತ್ರ ಉತ್ತರಿಸಬೇಡಿ.